ಆಯಿಲ್ ಏರಿದರೆ ಹಿಗ್ಗಬೇಡಿ

ಹುಬ್ಬಳ್ಳಿಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು. ಮನೆಯಿಂದ ಬ್ಯಾಂಕಿಗೆ ಮೂರು ಕಿಲೋಮೀಟರ್, ಸಂಜೆ ವಾಪಸ್ ಅಷ್ಟೇ ದೂರ. ಸರ್ವೀಸ್ ಆಗಿ ಐದು ತಿಂಗಳಾಗಿದೆ. ಮೊನ್ನೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಇಂಜಿನ್ ಆಯಿಲ್ ಇಳಿದಿಲ್ಲ, ಮೇಲಿನ ಗುರುತನ್ನು ದಾಟಿ ನಿಂತಿದೆ! ಗ್ಯಾರೇಜಿನಲ್ಲಿ ವಿಚಾರಿಸಿದರೆ ‘ಆಯಿಲ್ ಕುಡಿಯದ ಇಂಜಿನ್ ಸಾರ್, ಪುಣ್ಯ ಮಾಡಿದ್ದೀರಿ’ ಎಂದರಂತೆ. ಮನೆಯಲ್ಲಿ ತಾಯಿ, ಗೃಹಪ್ರವೇಶದ ದಿನ ಹಾಲು ಉಕ್ಕಿದಷ್ಟೇ ಶುಭ ಎಂದರಂತೆ. ನಿಜವೇ ಎಂದು ಅವರ ಪ್ರಶ್ನೆ.

ಹಾಲು ಉಕ್ಕಿದಾಗ ಪಾತ್ರೆಯಲ್ಲಿ ಹಾಲು ಹೆಚ್ಚಾಗಿರುವುದಿಲ್ಲ, ಅದರೊಳಗೆ ಆವಿ ಸೇರಿ ನೊರೆ ಎದ್ದಿರುತ್ತದೆ. ಇಲ್ಲಿಯೂ ಅಷ್ಟೇ. ಆಯಿಲ್ ತಾನಾಗಿ ಹುಟ್ಟುವ ಯಂತ್ರ ಲೋಕದಲ್ಲಿ ಎಲ್ಲಿಯೂ ಇಲ್ಲ. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನಲ್ಲಿ ಮಟ್ಟ ಏರಿದೆ ಎಂದರೆ ಹೊರಗಿನಿಂದ ಏನೋ ಸೇರಿದೆ ಎಂದೇ ಅರ್ಥ. ಇವರ ಕಾರಿನಲ್ಲಿ ಸೇರಿರುವುದು ಪೆಟ್ರೋಲು. ಅದು ಶುಭಸೂಚನೆಯಲ್ಲ, ಎಚ್ಚರಿಕೆ.

ಸೇರುವ ದಾರಿ ಸರಳ. ಹಳೆಯ ಕಾರುಗಳಲ್ಲಿ ಪೆಟ್ರೋಲು ಸಿಲಿಂಡರಿನ ಹೊರಗೇ ಗಾಳಿಯೊಂದಿಗೆ ಬೆರೆತು ಒಳಗೆ ಹೋಗುತ್ತಿತ್ತು. ಈಗಿನ ಬಹಳಷ್ಟು ಟರ್ಬೊ ಇಂಜಿನ್‌ಗಳಲ್ಲಿ ಅದು 200ರಿಂದ 350 ಬಾರ್ ಒತ್ತಡದಲ್ಲಿ ನೇರ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಇಂಜಿನ್ ತಣ್ಣಗಿದ್ದಾಗ ಅದರಲ್ಲಿ ಒಂದಿಷ್ಟು ಆವಿಯಾಗದೆ ಸಿಲಿಂಡರಿನ ಗೋಡೆಗೆ ಹನಿಹನಿಯಾಗಿ ಅಂಟುತ್ತದೆ, ಅಲ್ಲಿದ್ದ ಆಯಿಲ್ ಪೊರೆಯನ್ನು ತೊಳೆಯುತ್ತದೆ. ಪಿಸ್ಟನ್ ರಿಂಗು ಆ ಮಿಶ್ರಣವನ್ನು ಬಳಿದು ಕೆಳಗಿನ ಚೇಂಬರಿಗೆ ಇಳಿಸುತ್ತದೆ. ಟರ್ಬೊ ಇದ್ದರೆ ಸಣ್ಣ ಸಿಲಿಂಡರಿಗೆ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಒತ್ತಡ. ಹಾಗಾಗಿ ರಿಂಗಿನ ಸಂದಿಯಿಂದ ನುಸುಳುವುದೂ ಹೆಚ್ಚು.

ನನಗೆ ಅತ್ಯಂತ ಪ್ರಿಯವಾದ ಸಂಗತಿಯೊಂದು ಇಲ್ಲಿದೆ. ಇಂದು ನಾವು ಹೆದರುವ ಈ ಕಲಬೆರಕೆಯನ್ನು ಒಂದು ಕಾಲದಲ್ಲಿ ಪೈಲಟ್‌ಗಳು ಬೇಕೆಂದೇ ಮಾಡುತ್ತಿದ್ದರು! ಎರಡನೇ ಮಹಾಯುದ್ಧದ ಅನೇಕ ಅಮೆರಿಕನ್ ವಿಮಾನಗಳಲ್ಲಿ, ಬಿ-17 ಬಾಂಬರಿನಲ್ಲೂ ಡಕೋಟದಲ್ಲೂ, ‘ಆಯಿಲ್ ಡೈಲ್ಯೂಷನ್’ ಎಂಬ ಸ್ವಿಚ್ ಇತ್ತು. ಡಕೋಟ ಎಂದರೆ 1947ರ ಅಕ್ಟೋಬರಿನಲ್ಲಿ ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಹೊತ್ತು ಹಾರಿದ ವಿಮಾನ. ಹಿಮ ಸುರಿಯುವ ಊರಿನಲ್ಲಿ ರಾತ್ರಿ ಇಂಜಿನ್ ಆರಿಸುವ ಮುನ್ನ ಪೈಲಟ್ ಆ ಸ್ವಿಚ್ಚನ್ನು ಕೆಲವು ನಿಮಿಷ ಒತ್ತಿ ಹಿಡಿಯುತ್ತಿದ್ದ. ಪೆಟ್ರೋಲು ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತಿತ್ತು. ಬೆಳಗಿನ ಕೊರೆಯುವ ಚಳಿಯಲ್ಲಿ ಗಟ್ಟಿ ಆಯಿಲ್ ಇಂಜಿನನ್ನು ಹಿಡಿದುಕೊಳ್ಳುತ್ತದೆ, ತೆಳು ಆಯಿಲ್ ಬಿಟ್ಟುಕೊಡುತ್ತದೆ. ಇಂಜಿನ್ ಹೊತ್ತಿಕೊಂಡು ಆಯಿಲ್ ಕಾದ ಮೇಲೆ ಪೆಟ್ರೋಲು ಆವಿಯಾಗಿ ಹೊರಟುಹೋಗುತ್ತಿತ್ತು, ಆಯಿಲ್ ಮತ್ತೆ ಮೊದಲಿನಂತೆ ದಪ್ಪವಾಗುತ್ತಿತ್ತು. ಎಂಥ ಸೊಗಸಾದ ಉಪಾಯ! ಆ ಪೈಲಟ್‌ಗಳಿಗೆ ಗೊತ್ತಿದ್ದದ್ದು ಒಂದೇ ಮಾತು: ಸೇರಿಸಿದ್ದನ್ನು ಕಾಯಿಸಿ ಕಳೆಯಬೇಕು.

ನಮ್ಮ ಅಡುಗೆಮನೆಯಲ್ಲಿ ಬೆಣ್ಣೆ ಕಾಯಿಸುವುದೂ ಇದೇ ವಿಜ್ಞಾನ. ಬೆಣ್ಣೆಯಲ್ಲಿರುವ ನೀರು ಚಟಪಟ ಸದ್ದು ಮಾಡುತ್ತ ಆವಿಯಾಗುತ್ತದೆ, ಸದ್ದು ನಿಂತಾಗ ತುಪ್ಪ ಹದಕ್ಕೆ ಬಂದಿರುತ್ತದೆ. ಅರ್ಧಕ್ಕೇ ಒಲೆ ಆರಿಸಿದರೆ ನೀರು ಉಳಿದು ತುಪ್ಪ ಬೇಗ ಕೆಡುತ್ತದೆ. ಇಂಜಿನ್ನಿನೊಳಗೂ ಆಯಿಲ್ ಚೆನ್ನಾಗಿ ಕಾದರೆ ಪೆಟ್ರೋಲು ಆವಿಯಾಗಿ ಏಳುತ್ತದೆ, ಒಂದು ಕೊಳವೆ ಆ ಆವಿಯನ್ನು ಹೀರಿ ಮತ್ತೆ ಸಿಲಿಂಡರಿಗೇ ಉರಿಯಲು ಕಳಿಸುತ್ತದೆ. ಒಂದು ವ್ಯತ್ಯಾಸವಿದೆ. ನೀರು ಒಂದೇ ವಸ್ತು, ಪೆಟ್ರೋಲು ನೂರಾರು ಹೈಡ್ರೋಕಾರ್ಬನ್‌ಗಳ ಗುಂಪು. ಅದರ ಹಗುರ ಭಾಗ 40 ಡಿಗ್ರಿಯಲ್ಲೇ ಏಳುತ್ತದೆ, ಭಾರವಾದದ್ದು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನವರೆಗೂ ಕೂತಿರುತ್ತದೆ. 100 ಡಿಗ್ರಿಯ ಆಯಿಲ್‌ನಲ್ಲಿ ಹಗುರದ್ದು ಬೇಗ ಹೋಗುತ್ತದೆ, ಭಾರದ್ದು ನಿಧಾನವಾಗಿ, ಮನಸ್ಸಿಲ್ಲದ ನೆಂಟರ ಹಾಗೆ ಹೊರಡುತ್ತದೆ. ಅದಕ್ಕೇ ಶಾಖದ ಜೊತೆ ಸಮಯವೂ ಬೇಕು.

ಆ ಸಮಯ ನಮ್ಮ ಓದುಗರ ಕಾರಿಗೆ ಸಿಗುತ್ತಲೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಟೆಂಪರೇಚರ್ ಮುಳ್ಳು ನಡುವಿಗೆ ಬಂತು, ಇಂಜಿನ್ ಬಿಸಿಯಾಯಿತು ಎಂದು ನಾವು ತಿಳಿಯುತ್ತೇವೆ. ಆ ಮುಳ್ಳು ತೋರಿಸುವುದು ಕೂಲಂಟಿನ ಶಾಖವನ್ನು, ಆಯಿಲ್‌ನದನ್ನಲ್ಲ. ಆಯಿಲ್ ಅದಕ್ಕಿಂತ ಬಹಳ ಹಿಂದೆ, ನಿಧಾನವಾಗಿ ಬರುತ್ತಿರುತ್ತದೆ. ಮೂರು ಕಿಲೋಮೀಟರಿನಲ್ಲಿ ಅದು ಉಗುರುಬೆಚ್ಚಗಾದರೆ ಹೆಚ್ಚು. ದಿನಕ್ಕೆರಡು ಸಲ ಪೆಟ್ರೋಲು ಸೇರುತ್ತದೆ, ಒಂದು ಸಲವೂ ಕಾಯುವುದಿಲ್ಲ.

ಈಗ ನಾನು ವರ್ಷಗಳಿಂದ ಹೇಳಬೇಕೆಂದಿದ್ದ ಒಂದು ಮಾತು. 2020ರ ಲಾಕ್‌ಡೌನಿನಲ್ಲಿ ಬೀದಿಬೀದಿಯಲ್ಲಿ ಶುರುವಾದ ಅಭ್ಯಾಸ ಇನ್ನೂ ನಿಂತಿಲ್ಲ. ಗಾಡಿ ಓಡಿಸದಿದ್ದರೂ ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು, ಓಡಿಸುವುದಾದರೆ ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡುವುದು. ನಮ್ಮ ಬೀದಿಯ ಹಿರಿಯರೊಬ್ಬರು ಇದನ್ನು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಮಾಡುತ್ತಾರೆ. ದಯವಿಟ್ಟು ಬಿಡಿ. ನಿಂತ ಇಂಜಿನ್ನಿಗೆ ಭಾರವಿಲ್ಲ, ಭಾರವಿಲ್ಲದ ಇಂಜಿನ್ ಬೇಗ ಕಾಯುವುದಿಲ್ಲ, ಕಾಯದ ಇಂಜಿನ್ನಿಗೆ ಕಂಪ್ಯೂಟರು ಹೆಚ್ಚು ಪೆಟ್ರೋಲು ಉಣಿಸುತ್ತದೆ. ಐದು ನಿಮಿಷದಲ್ಲಿ ಬ್ಯಾಟರಿ ಸ್ಟಾರ್ಟಿಗೆ ಕೊಟ್ಟಷ್ಟನ್ನು ಮರಳಿ ಪಡೆದರೆ ಅದೇ ದೊಡ್ಡದು. ಇನ್ನೊಂದು ಸಂಗತಿ ಕೇಳಿದರೆ ಬೆರಗಾಗುತ್ತೀರಿ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ! ಬಿಸಿ ಇಂಜಿನ್ನಿನಿಂದ ಅದು ಆವಿಯಾಗಿ ಸೈಲೆನ್ಸರಿನಲ್ಲಿ ಹೋಗುತ್ತದೆ. ತಣ್ಣನೆಯ ಇಂಜಿನ್ನಿನಲ್ಲಿ ಒಂದು ಪಾಲು ರಿಂಗು ದಾಟಿ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಲೋಳೆ ಕಂಡರೆ, ಅನೇಕ ಸಲ ಅದು ಈ ನೀರೇ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಹೊರಡಿ. ಇಂಜಿನ್ ಕೆಲಸ ಮಾಡುತ್ತಲೇ ಬಿಸಿಯಾಗಲಿ.

ಕಾಯದ ಇಂಜಿನ್ನಿನಲ್ಲಿ ಪೆಟ್ರೋಲು ಆಯಿಲ್‌ಗೆ ಸೇರುತ್ತದೆ ಎಂಬುದು ಬರೀ ಶಂಕೆಯಲ್ಲ, ಅದಕ್ಕೆ ಚೀನಾದ ಉತ್ತರ ಭಾಗ ಸಾಕ್ಷಿ. 2017-18ರ ಚಳಿಗಾಲದಲ್ಲಿ ಅಲ್ಲಿ ಹೊಂಡಾದ 1.5 ಲೀಟರ್ ಟರ್ಬೊ ಇಂಜಿನ್ನಿನ ಸಿಆರ್-ವಿ ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಮಟ್ಟ ಏರತೊಡಗಿತು, ಕಾರಿನೊಳಗೆ ಪೆಟ್ರೋಲ್ ವಾಸನೆ ಬಂತು. ದೂರುಗಳು ರಾಶಿ ಬಿದ್ದವು. 2018ರಲ್ಲಿ ಕಂಪನಿ ಅಲ್ಲಿ ಹೊಸ ಸಿಆರ್-ವಿ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಪರಿಹಾರದ ಮುಖ್ಯ ಭಾಗ ಹೊಸ ಸಾಫ್ಟ್‌ವೇರು. ಅದರ ಕೆಲಸ ಇಂಜಿನ್ ಬೇಗ ಬಿಸಿಯಾಗುವಂತೆ ಮಾಡುವುದು. ಮತ್ತೆ ಅದೇ ತುಪ್ಪದ ಪಾಠ.

ಹುಬ್ಬಳ್ಳಿಯಲ್ಲಿ ಆ ಚಳಿಯಿಲ್ಲ. ಆದರೆ ಇಂಜಿನ್ನಿಗೆ ಮೂರು ಕಿಲೋಮೀಟರಿನ ಓಟ ಎಂದರೆ ಮುಗಿಯದ ಬೆಳಗಿನ ಜಾವ. ಕಳೆದ ಡಿಸೆಂಬರಿನಲ್ಲಿ ನನ್ನ ಕಾರಿನಲ್ಲೇ ಇದನ್ನು ನೋಡಿದೆ. ಪ್ರತಿ ಭಾನುವಾರ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಅದೇ ಜಾಗದಲ್ಲಿ ಡಿಪ್‌ಸ್ಟಿಕ್ ಎಳೆದು ಫೋಟೊ ತೆಗೆದಿಟ್ಟೆ. ಆರು ವಾರ ಮಲ್ಲೇಶ್ವರದ ಸಂತೆ, ಮಗಳ ಸಂಗೀತದ ಪಾಠ, ಇಷ್ಟೇ ಓಡಾಟ. ಮಟ್ಟ ನಾಲ್ಕು ಮಿಲಿಮೀಟರ್ ಏರಿತು. ಜನವರಿಯಲ್ಲಿ ಸಕಲೇಶಪುರಕ್ಕೆ ಹೋಗಿಬಂದ ಮರುದಿನ ನೋಡಿದರೆ ಮೂರು ಮಿಲಿಮೀಟರ್ ಇಳಿದಿತ್ತು. ಉಳಿದ ಒಂದು ಮಿಲಿಮೀಟರೇ ಆ ಭಾರದ ನೆಂಟರು ಎಂದುಕೊಂಡೆ. ಇನ್ನೊಂದು ಎಚ್ಚರಿಕೆ: ಮಟ್ಟ ಏರಿಲ್ಲವೆಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಇಂಜಿನ್ ಒಂದಿಷ್ಟು ಆಯಿಲ್ ಸುಡುತ್ತಿದ್ದು, ಅಷ್ಟೇ ಪೆಟ್ರೋಲು ಸೇರುತ್ತಿದ್ದರೆ ಗುರುತು ಅಲ್ಲಾಡದೆ ನಿಂತಿರುತ್ತದೆ.

ಸೇರಿದರೇನಾಯಿತು ಎನ್ನುವವರಿಗೆ: ಟರ್ಬೊ ಒಳಗಿನ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗಬಲ್ಲದು. ಆ ವೇಗದಲ್ಲಿ ಅದನ್ನು ತೇಲಿಸಿ ಹಿಡಿದಿರುವುದು ಕೂದಲಿಗಿಂತ ತೆಳುವಾದ ಆಯಿಲ್ ಪೊರೆ. ನಾಲ್ಕು ಲೀಟರ್ ಆಯಿಲ್‌ಗೆ 200 ಮಿಲಿಲೀಟರ್ ಪೆಟ್ರೋಲು, ಅಂದರೆ ಎರಡು ಸಣ್ಣ ಲೋಟ ಚಹಾದಷ್ಟು ಸೇರಿದರೂ ಶೇ 5 ಆಯಿತು. ಆಗ 30ರ ದರ್ಜೆಯ ಆಯಿಲ್ 20ರದ್ದಾಗಿ ವರ್ತಿಸಬಹುದು. ಪೊರೆ ಹರಿದಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ.

ಡೀಸೆಲ್ ಕಾರಿನವರು, ದೂರ ಓಡಿಸಿ ಕಾಯಿಸಿದರೆ ಸರಿಹೋಗುತ್ತದೆ ಎಂಬ ಸಮಾಧಾನವನ್ನು ತಮಗೆ ಅನ್ವಯಿಸಿಕೊಳ್ಳಬಾರದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿಯಲ್ಲಿ ಸುಡಬೇಕು. ಆ ಶಾಖಕ್ಕಾಗಿ ಅನೇಕ ಇಂಜಿನ್‌ಗಳು ಪಿಸ್ಟನ್ ಕೆಳಗಿಳಿಯುವ ಹೊತ್ತಿನಲ್ಲಿ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲೊಂದಿಷ್ಟು ಗೋಡೆಗೆ ಬಡಿದು ಚೇಂಬರಿಗೆ ಜಾರುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ಆಫೀಸು ತಲುಪಿ ಇಂಜಿನ್ ಆರಿಸಿದಿರೋ, ನಾಳೆ ಮತ್ತೆ ಮೊದಲಿನಿಂದ ಶುರು. ಡೀಸೆಲ್ ಕುದಿಯುವುದು ಹೆಚ್ಚುಕಡಿಮೆ 180ರಿಂದ 360 ಡಿಗ್ರಿಯ ನಡುವೆ. ಆಯಿಲ್ ಅಷ್ಟು ಕಾಯುವುದೇ ಇಲ್ಲ. ತುಪ್ಪಕ್ಕೆ ಶೇಂಗಾ ಎಣ್ಣೆ ಬೆರೆತಂತೆ, ಎಷ್ಟು ಕಾಯಿಸಿದರೂ ಬೇರೆಯಾಗದು. ಸಕಲೇಶಪುರವಲ್ಲ, ಕಾಶಿಗೇ ಹೋಗಿಬಂದರೂ ಆ ಡೀಸೆಲ್‌ನ ಬಹುಪಾಲು ಅಲ್ಲೇ ಇರುತ್ತದೆ. ಆಯಿಲ್ ಬದಲಿಸುವುದೊಂದೇ ದಾರಿ. ಮಜ್ದಾ ಕಂಪನಿ ತನ್ನ ಡೀಸೆಲ್ ಕಾರುಗಳ ಡಿಪ್‌ಸ್ಟಿಕ್ಕಿನಲ್ಲಿ ಮೇಲಿನ ಗುರುತಿನ ಆಚೆ ಒಂದು ‘ಎಕ್ಸ್’ ಗುರುತನ್ನೇ ಕೊರೆದಿತ್ತು. ಆಯಿಲ್ ಅಲ್ಲಿಗೆ ಮುಟ್ಟಿದರೆ ಬದಲಿಸಿ ಎಂದು ಅರ್ಥ. ಎಲ್ಲ ಕಂಪನಿಗಳೂ ಇದನ್ನು ಮಾಡಬೇಕಿತ್ತು. ಮಟ್ಟ ವಿಪರೀತ ಏರಿದರೆ ಆಯಿಲ್ ಗಾಳಿಯ ದಾರಿಯಲ್ಲಿ ಸಿಲಿಂಡರಿಗೆ ನುಗ್ಗಬಹುದು. ಆಗ ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಉರಿಸಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ಬೊಬ್ಬಿರಿಯುತ್ತ ಓಡುತ್ತದೆ. ಅಪರೂಪದ ಅಪಾಯ, ಆದರೆ ಭಯಂಕರ.

ಹುಬ್ಬಳ್ಳಿಯ ಓದುಗರಿಗೆ ನನ್ನ ಉತ್ತರ ಇದು. ಮಟ್ಟ ಗುರುತು ದಾಟಿರುವುದರಿಂದ ಮೇಲಿನಷ್ಟನ್ನು ಮಾತ್ರ ಹೀರಿ ತೆಗೆಸಬೇಡಿ, ಈ ವಾರವೇ ಪೂರ್ತಿ ಆಯಿಲ್ ಬದಲಿಸಿ. ಮ್ಯಾನ್ಯುಯಲ್ ಹೇಳಿದ ದರ್ಜೆಯದನ್ನೇ ಹಾಕಿಸಿ, ‘ದಪ್ಪ ಆಯಿಲ್ ಹಾಕೋಣ’ ಎಂಬ ಸಲಹೆಗೆ ಒಪ್ಪಬೇಡಿ. ಅದೇ ಮ್ಯಾನ್ಯುಯಲಿನಲ್ಲಿ ಕಠಿಣ ಬಳಕೆಯ ಪುಟ ಒಂದಿದೆ, ಯಾರೂ ಓದುವುದಿಲ್ಲ. ನಿಮ್ಮಂಥ ಪುಟ್ಟ ಓಟಕ್ಕೆ ಬಹಳ ಕಾರುಗಳಲ್ಲಿ ಆರು ತಿಂಗಳಿಗೊಮ್ಮೆ ಆಯಿಲ್ ಬದಲಿಸಲು ಅದು ಹೇಳುತ್ತದೆ, ಕಿಲೋಮೀಟರ್ ಎಷ್ಟೇ ಆಗಿರಲಿ. ವಾರಕ್ಕೊಮ್ಮೆ ಧಾರವಾಡ ದಾಟಿ ಕಿತ್ತೂರಿನವರೆಗೆ ಹೋಗಿಬನ್ನಿ. ಇಷ್ಟಾದ ಮೇಲೂ ಮಟ್ಟ ಏರಿದರೆ ಇಂಜೆಕ್ಟರ್ ಅಥವಾ ಹೈ ಪ್ರೆಶರ್ ಪಂಪು ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ. ಬ್ಯಾಂಕಿಗೆ ಆದಷ್ಟು ದಿನ ಸೈಕಲ್ಲಿನಲ್ಲಿ ಹೋಗಿ.

ಉಳಿದವರೂ ಬರುವ ಭಾನುವಾರ ಬೆಳಿಗ್ಗೆ ನಿಮ್ಮ ಗಾಡಿಯ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆಯಿರಿ. ಬಣ್ಣ ಕಪ್ಪಾಗಿದೆಯೆಂದು ಗಾಬರಿಯಾಗಬೇಡಿ. ಗುರುತು ನೋಡಿ, ಆಮೇಲೆ ಒಮ್ಮೆ ಮೂಸಿ ನೋಡಿ.