ನಕಲಿ ಖಾತೆಯ ಗಳಿಕೆ

ಮೊಬೈಲಿನಲ್ಲಿ ಲಿಂಕ್ ಹಂಚಿ ಕಮಿಷನ್ ಪಡೆಯುವುದು ಹಲಾಲೇ ಎಂದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಯುವಕರು ನಮ್ಮನ್ನು ಕೇಳುತ್ತಾರೆ. ವಸ್ತು ಹಲಾಲಾಗಿದ್ದು, ಕಮಿಷನ್ ಇದೆಯೆಂದು ತಿಳಿಸಿದರೆ ಅದು ದಲ್ಲಾಳಿಯ ನ್ಯಾಯದ ಕೂಲಿ. ಆದರೆ ಯಾರದೋ ಮಗಳ ಫೋಟೋ ಹಾಕಿ, ತಾನು ಬಳಸದ ಕ್ರೀಮನ್ನು ‘ನನಗೆ ಗುಣವಾಯಿತು’ ಎಂದು ಬರೆದರೆ ಅದು ಮೋಸ.

ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲು ಸವಾಲು ಕೂಗುವ ‘ನಜಶ್’ ಅನ್ನು ಪ್ರವಾದಿ(ಸ) ನಿಷೇಧಿಸಿದರು. ನಕಲಿ ಖಾತೆಯ ಹೊಗಳಿಕೆಯೂ ಅದೇ ಜಾತಿಯದು. ಧಾನ್ಯದ ರಾಶಿಗೆ ಕೈಯಿಟ್ಟು ಒಳಗಿನ ತೇವ ಕಂಡಾಗ ಅವರು ವ್ಯಾಪಾರಿಯನ್ನು ಎಚ್ಚರಿಸಿದರು. ಭತ್ತದ ರಾಶಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಆನ್‌ಲೈನಿನಲ್ಲಿ ಸೋಗು ಹಾಕಿ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲೂ ಇದೆ.

ಹಾಗೆ ಗಳಿಸಿದವರು ತೌಬಾ ಮಾಡಲಿ, ಖಾತೆ ಅಳಿಸಲಿ, ಮೋಸಹೋದವರಿಗೆ ಹಣ ಮರಳಿಸಲಿ; ಅವರು ಸಿಗದಿದ್ದರೆ ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಡಲಿ.