ದಶಪಥಕ್ಕೆ ಸೈ, ಘಾಟಿಗೆ ಬೇಡ: ವಿದ್ಯುತ್ ಕಾರಿನಲ್ಲಿ ಅಡಾಸ್

ಮುಂದಿನ ವಾಹನವನ್ನು ನೋಡಿಕೊಂಡು ವೇಗ ಹೆಚ್ಚುಕಡಿಮೆ ಮಾಡಿಕೊಳ್ಳುವ, ಎರಡು ಗೆರೆಗಳ ನಡುವೆ ಕಾರನ್ನು ಹಿಡಿದಿಡುವ, ಡಿಕ್ಕಿಯಾಗುವಂತಿದ್ದರೆ ತಾನೇ ಬ್ರೇಕ್ ಹಾಕುವ ಚಾಲಕ ನೆರವು ವ್ಯವಸ್ಥೆಗೆ ಕಾರು ಮಾರುವವರೂ ಕೊಳ್ಳುವವರೂ ಅಡಾಸ್ ಎನ್ನುತ್ತಾರೆ. ಭಾರತದಲ್ಲಿ ಈ ಹೆಸರು ಜನರ ಬಾಯಿಗೆ ಬಂದದ್ದು ಬಹುಮಟ್ಟಿಗೆ 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದ ಮೇಲೆ. ಈಗ ಹುಂಡೈ ಕ್ರೆಟಾ ಎಲೆಕ್ಟ್ರಿಕ್, ಟಾಟಾ ಕರ್ವ್ ಇವಿ, ಮಹೀಂದ್ರಾ ಬಿಇ 6 ಮುಂತಾದ ವಿದ್ಯುತ್ ಕಾರುಗಳ ದುಬಾರಿ ಮಾದರಿಗಳಲ್ಲೂ ಅದು ಸಿಗುತ್ತದೆ. ಗಾಜಿನ ಹಿಂದೆ ಒಂದು ಕ್ಯಾಮೆರಾ, ಮುಂದಿನ ಬಂಪರಿನಲ್ಲಿ ಒಂದು ರೇಡಾರ್ ಇವೆರಡು ಸಾಮಾನ್ಯವಾಗಿ ಅದರ ಮುಖ್ಯ ಕಣ್ಣು. ಅಮೆರಿಕದ ಎಸ್‌ಎಇ ಸಂಸ್ಥೆ ವಾಹನಗಳ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ವಿಂಗಡಿಸಿದೆ. ಭಾರತದಲ್ಲಿ ಮಾರಾಟವಾಗುವ ಅಡಾಸ್ ಕಾರುಗಳು ಇರುವುದು ಹೆಚ್ಚೆಂದರೆ ಎರಡನೆಯ ಹಂತದಲ್ಲಿ. ಆ ಹಂತದಲ್ಲಿ ಸ್ಟೀರಿಂಗನ್ನೂ ವೇಗವನ್ನೂ ಸಾಫ್ಟ್‌ವೇರ್ ನಿಭಾಯಿಸಬಹುದು, ಆದರೆ ರಸ್ತೆ ನೋಡುವ ಕೆಲಸ ಪೂರ್ತಿ ಚಾಲಕನದೇ.

ಮೈಸೂರಿನಿಂದ ಹೊರಡುವವರಿಗೆ ಈ ವ್ಯವಸ್ಥೆಯ ಗುಣದೋಷಗಳೆಲ್ಲ ಸುತ್ತಲಿನ ಮೂರು ದಾರಿಗಳಲ್ಲೇ ಕಾಣಸಿಗುತ್ತವೆ.

ಮೊದಲನೆಯದು ಬೆಂಗಳೂರಿಗೆ ಹೋಗುವ ದಶಪಥ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ 118 ಕಿಲೋಮೀಟರಿನ ಹೆದ್ದಾರಿಯ ನಡುವಿನ ಆರು ಪಥಗಳಿಗೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳ ಪ್ರವೇಶ ನಿಷೇಧಿಸಲಾಯಿತು. ಮಂಡ್ಯದ ಕಬ್ಬಿನ ಗಾಡಿಗಳು ಸರ್ವಿಸ್ ರಸ್ತೆಗೆ ಇಳಿದವು. ಗೆರೆ ಸ್ಪಷ್ಟ, ಎದುರಿನಿಂದ ಬರುವ ವಾಹನವಿಲ್ಲ, ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್, ಮೀರಿದವರನ್ನು ಹಿಡಿಯಲು ಪೊಲೀಸರ ಕ್ಯಾಮೆರಾಗಳಿವೆ. ಅಡಾಸ್ ಬಯಸುವುದು ಇಂಥ ರಸ್ತೆಯನ್ನೇ.

ವಿದ್ಯುತ್ ಕಾರಿಗೆ ಇಲ್ಲಿ ಇನ್ನೊಂದು ಲಾಭವಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರ ವೇಗದಲ್ಲಿ ಎದುರಾಗುವ ತಡೆಗಿಂತ 100ರಲ್ಲಿ ಎದುರಾಗುವುದು ಶೇಕಡಾ 56ರಷ್ಟು ಹೆಚ್ಚು. ಪೆಟ್ರೋಲ್ ಕಾರಿನವರು ಇದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಬ್ಯಾಟರಿಯ ಶೇಕಡಾವಾರು ನೋಡುತ್ತ ಓಡಿಸುವವರಿಗೆ ಮಾತ್ರ ಅದು ಕಣ್ಣಿಗೆ ರಾಚುತ್ತದೆ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನು 85ಕ್ಕೋ 90ಕ್ಕೋ ನಿಲ್ಲಿಸಿದರೆ ಕಾಲು ತನಗರಿವಿಲ್ಲದೆ ವೇಗ ಏರಿಸುವ ಚಟ ತಪ್ಪುತ್ತದೆ. ಮುಂದಿನ ವಾಹನ ನಿಧಾನವಾದಾಗ ಕಾರು ಮೊದಲು ಮೋಟಾರಿನಿಂದಲೇ ವೇಗ ತಗ್ಗಿಸುವುದರಿಂದ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ಮರಳುತ್ತದೆ. ಅಡಾಸ್‌ನ ಎಲ್ಲ ಸೌಲಭ್ಯಗಳಲ್ಲಿ ದೂರ ಪ್ರಯಾಣಕ್ಕೆ ನಿಜವಾಗಿ ದಕ್ಕುವುದು ಈ ಕ್ರೂಸ್ ಕಂಟ್ರೋಲ್ ಒಂದೇ ಎಂದರೂ ತಪ್ಪಿಲ್ಲ. ಉಳಿದವು ಇದ್ದರೆ ಒಳ್ಳೆಯದು, ಅಷ್ಟೆ.

ಹಾಗೆಂದು ದಶಪಥದಲ್ಲೂ ಮೈಮರೆಯುವಂತಿಲ್ಲ. ಮುಂದಿನ ವಾಹನದಿಂದ ಬಿಟ್ಟ ಅಂತರದೊಳಗೆ ಪಕ್ಕದವರು ನುಗ್ಗುತ್ತಲೇ ಇರುತ್ತಾರೆ. ಪ್ರತಿ ಸಲವೂ ಕಾರು ಬ್ರೇಕ್ ಹಾಕುತ್ತದೆ, ಹಿಂದೆ ಕುಳಿತವರಿಗೆ ಹೊಟ್ಟೆ ತೊಳಸುತ್ತದೆ. ಮದ್ದೂರು, ಮಂಡ್ಯಗಳಿಗೆ ಇಳಿಯುವ ಕಡೆ ಇನ್ನೂ ಸೂಕ್ಷ್ಮ: ಮುಂದಿದ್ದ ಲಾರಿ ನೇರ ಹೋಗಿ, ತಮ್ಮ ಕಾರು ಎಡಕ್ಕೆ ತಿರುಗಿತೆಂದರೆ ಎದುರು ಯಾರೂ ಇಲ್ಲವೆಂದು ಅದು ನಿಗದಿ ಮಾಡಿದ ವೇಗಕ್ಕೆ ಏರತೊಡಗಬಹುದು. ತಿರುವಿಗೆ ಮೊದಲು, ಗಣಂಗೂರಿನ ಟೋಲ್‌ಗೆ ಮೊದಲು ಕ್ರೂಸ್ ಆಫ್ ಮಾಡುವುದೇ ಸರಿ.

ದೊಡ್ಡ ಅಪಾಯ ನಿಂತ ವಾಹನದ್ದು. ರಸ್ತೆಬದಿಯ ಫಲಕ, ಕಂಬ, ಸೇತುವೆ ಎಲ್ಲವೂ ರೇಡಾರಿಗೆ ಚಲಿಸದ ವಸ್ತುಗಳೇ. ಅವನ್ನು ಕಂಡಲ್ಲೆಲ್ಲ ಬ್ರೇಕ್ ಹಾಕಬಾರದೆಂದು ಅನೇಕ ವ್ಯವಸ್ಥೆಗಳು ಹೆಚ್ಚಿನ ವೇಗದಲ್ಲಿ ಚಲಿಸದವನ್ನು ಅಷ್ಟಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಕೆಟ್ಟು ನಿಂತ ಲಾರಿಯೂ ಆ ಪಟ್ಟಿಗೆ ಸೇರಿಬಿಡಬಹುದು. ಲಾರಿಯವರು ಹಿಂದೆ ಸೊಪ್ಪಿನ ಕೊಂಬೆ ಹಾಕಿ ಕಲ್ಲು ಜೋಡಿಸಿರುತ್ತಾರೆ. ಅದನ್ನು ಕಂಡ ಚಾಲಕ ತಕ್ಷಣ ಪಥ ಬದಲಿಸುತ್ತಾನೆ, ಸಾಫ್ಟ್‌ವೇರಿಗೆ ಆ ಭಾಷೆ ಬರುವುದಿಲ್ಲ. ನೂರರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮೊಬೈಲ್ ನೋಡಿ ತಲೆ ಎತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಎರಡನೆಯದು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರದ ಮೂಲಕ ಊಟಿಗೆ ಹೋಗುವ ದಾರಿ. ವಿಭಜಕವಿಲ್ಲದ ರಸ್ತೆ ಶುರುವಾದ ಮೇಲೆ ಲೇನ್ ಹಿಡಿದಿಡುವ ಸೌಲಭ್ಯ ನೆರವಿಗಿಂತ ಕಾಟವೇ ಹೆಚ್ಚು. ಎದುರಿನಿಂದ ಬಸ್ಸು ಓವರ್‌ಟೇಕ್ ಮಾಡುತ್ತ ಬಂದರೆ ಚಾಲಕ ಎಡಕ್ಕೆ ಸರಿದು ಅರ್ಧ ಚಕ್ರ ಮಣ್ಣಿಗಿಳಿಸುತ್ತಾನೆ. ಕಾರು ಗೆರೆ ದಾಟಿದೆನೆಂದು ಸ್ಟೀರಿಂಗನ್ನು ಬಲಕ್ಕೆ, ಅದೇ ಬಸ್ಸಿನ ಕಡೆಗೆ, ತಳ್ಳುತ್ತದೆ. ಚಾಲಕ ತುಸು ಬಲ ಹಾಕಿದರೆ ಅದು ಸೋಲುತ್ತದೆ ನಿಜ, ಆದರೆ ಆ ಗಳಿಗೆಯಲ್ಲಿ ಈ ಜಗ್ಗಾಟ ಯಾರಿಗೆ ಬೇಕು? ಊರೊಳಗಿನ ಹಂಪ್‌ಗಳಿಗೂ ಬಂಡೀಪುರದ ಕಾಡಿನ ಹಂಪ್‌ಗಳಿಗೂ ಕ್ರೂಸ್ ತಾನಾಗಿ ನಿಧಾನ ಮಾಡುತ್ತದೆಂದು ನಂಬುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ದಾರಿ ಮುಚ್ಚಿರುತ್ತದೆ. ಮುಚ್ಚುವ ಮುಂಚಿನ ಮುಸ್ಸಂಜೆಯಲ್ಲಿ ಜಿಂಕೆ, ಆನೆ ರಸ್ತೆಗೆ ಬಂದಾಗ ನೆಚ್ಚಬೇಕಾದ್ದು ಚಾಲಕನ ಕಣ್ಣನ್ನೇ.

ಮುಂದೆ ಮಸಿನಗುಡಿಯಿಂದ ಊಟಿಗೆ ಮೇಲೇರುವ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಅಡಾಸ್‌ಗೆ ಕೆಲಸವೇ ಇಲ್ಲ. ಅಷ್ಟು ಕಡಿದಾದ ತಿರುವಿನಲ್ಲಿ ಕ್ಯಾಮೆರಾಕ್ಕೆ ಗೆರೆ ಕಾಣದು. ಇಲ್ಲಿ ಯೋಚಿಸಬೇಕಾದ್ದು ಬ್ಯಾಟರಿಯ ಬಗ್ಗೆ. ಮೈಸೂರಿಗಿಂತ ಊಟಿ ಸುಮಾರು 1,450 ಮೀಟರ್ ಎತ್ತರದಲ್ಲಿದೆ. ಎರಡು ಟನ್ ತೂಗುವ ಕಾರನ್ನು ಅಷ್ಟು ಮೇಲೆತ್ತಲಿಕ್ಕೇ ಹೆಚ್ಚುಕಡಿಮೆ 8 ಯೂನಿಟ್ ಬೇಕು, ಅಂದರೆ 45 ಯೂನಿಟ್ ಬ್ಯಾಟರಿಯಲ್ಲಿ ಆರನೆಯ ಒಂದು ಪಾಲಿಗಿಂತ ಜಾಸ್ತಿ. ಇಳಿಯುವಾಗ ಅದರಲ್ಲಿ ಒಳ್ಳೆಯ ಪಾಲು ಮರಳಿ ಬರುತ್ತದೆ. ಊಟಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಇಳಿದರೆ ಮಾತ್ರ ಮರಳುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಮೋಟಾರಿನ ಹಿಡಿತವೂ ಸಡಿಲವಾಗಿ ಬ್ರೇಕಿನ ಮೇಲೇ ಭಾರ ಬೀಳುತ್ತದೆ.

ಮೂರನೆಯದು ಹುಣಸೂರು, ಕುಶಾಲನಗರ ದಾಟಿ ಮಡಿಕೇರಿಗೆ. ಬೇಸಿಗೆಯಲ್ಲಿ ಕ್ಯಾಮೆರಾಕ್ಕೂ ರೇಡಾರಿಗೂ ತೊಂದರೆಯಿಲ್ಲ. ಮಳೆಗಾಲದ ಮಂಜಿನಲ್ಲಿ ಕ್ಯಾಮೆರಾ ಕುರುಡಾಗುತ್ತದೆ, ಬಂಪರಿಗೆ ಮೆತ್ತಿದ ಕೆಸರು ರೇಡಾರನ್ನು ಮುಚ್ಚುತ್ತದೆ, ಪರದೆಯ ಮೇಲೆ ಎಚ್ಚರಿಕೆ ಮೂಡಿ ವ್ಯವಸ್ಥೆ ಕೈಚೆಲ್ಲುತ್ತದೆ. ನೆರವು ಹೆಚ್ಚು ಬೇಕಾದ ಹೊತ್ತಿಗೇ ಹೀಗಾಗುತ್ತದೆ.

ಸ್ಟೀರಿಂಗ್ ಬಿಟ್ಟು ಕಾಲು ಮಡಚಿ ಕುಳಿತ ವಿಡಿಯೋಗಳು, ಕೈ ಇದೆಯೆಂದು ಕಾರನ್ನು ನಂಬಿಸಲು ಸ್ಟೀರಿಂಗಿಗೆ ನೀರಿನ ಬಾಟಲಿ ಸಿಕ್ಕಿಸುವ ಉಪಾಯಗಳು ಮೊಬೈಲಿನಲ್ಲಿ ಹರಿದಾಡಿವೆ. ಇದು ಶುದ್ಧ ಮೂರ್ಖತನ. ಕಾನೂನು ಸಾಫ್ಟ್‌ವೇರನ್ನು ಚಾಲಕನೆಂದು ಒಪ್ಪಿಲ್ಲ, ಡಿಕ್ಕಿಯಾದರೆ ಹೊಣೆ ಸೀಟಿನಲ್ಲಿ ಕುಳಿತವರದು.

ಹೊರಡುವ ಮುನ್ನ ಗಾಜು, ಬಂಪರ್ ಒರೆಸಿಕೊಳ್ಳಿ. ಮುಂದಿನ ಗಾಜು ಒಡೆದು ಬದಲಿಸಿದ್ದರೆ ಕ್ಯಾಮೆರಾವನ್ನು ಸರ್ವಿಸ್ ಸೆಂಟರಿನಲ್ಲಿ ಮತ್ತೆ ಹೊಂದಿಸಿ ಕೊಡುವವರೆಗೆ ಅಡಾಸ್ ಬಳಸಬೇಡಿ.