ಬೆಳೆಯ ಹಂಗಾಮು ಮತ್ತು ಬ್ಯಾಂಕಿನ ಲೆಕ್ಕ: ನಂಜನಗೂಡು, ತಿ. ನರಸೀಪುರ ಸೀಮೆಯನ್ನು ಕುರಿತು

ಕಪಿಲಾ ತೀರದ ನಂಜನಗೂಡು ಮತ್ತು ಕಾವೇರಿ–ಕಪಿಲಾ ಸಂಗಮದ ತಿ. ನರಸೀಪುರ ತಾಲ್ಲೂಕುಗಳ ನಾಲೆ ಬಯಲಿನಲ್ಲಿ ಭತ್ತ, ಕಬ್ಬು ಮುಖ್ಯ ಬೆಳೆಗಳು. ಇಲ್ಲಿನ ರೈತನ ಆದಾಯ ಕೊಯ್ಲಿನೊಡನೆ ಬರುವಂಥದು. ಬ್ಯಾಂಕಿನ ಲೆಕ್ಕವಾದರೋ ತ್ರೈಮಾಸಿಕವಾದುದು. ಈ ಎರಡು ಕಾಲಮಾನಗಳನ್ನು ಹೊಂದಿಸುವುದೇ ಗ್ರಾಮೀಣ ಸಾಲದ ನಿಯಂತ್ರಣದ ಮುಖ್ಯ ಸಮಸ್ಯೆ.

ನರಸಿಂಹಂ ಸಮಿತಿಯ (1991) ಶಿಫಾರಸಿನ ಬಳಿಕ ರಿಸರ್ವ್ ಬ್ಯಾಂಕು ಆಸ್ತಿ ವರ್ಗೀಕರಣದ ನಿಯಮಗಳನ್ನು ಜಾರಿಗೆ ತಂದಿತು. 2004ರ ಮಾರ್ಚ್‌ನಿಂದ, 90 ದಿನ ಮೀರಿ ಬಾಕಿ ಉಳಿದ ಸಾಲವು 'ಅನುತ್ಪಾದಕ ಆಸ್ತಿ' ಎನಿಸಿತು. ಅಂಥ ಸಾಲದ ಬಡ್ಡಿಯನ್ನು ಕೈಸೇರುವ ತನಕ ಆದಾಯವೆಂದು ಬರೆಯುವಂತಿಲ್ಲ. ಸಂಭವನೀಯ ನಷ್ಟಕ್ಕೆಂದು ಲಾಭದ ಒಂದು ಭಾಗವನ್ನೂ ತೆಗೆದಿರಿಸಬೇಕು. ಹೀಗೆ ಒಂದೇ ಬಾಕಿಯು ಲಾಭವನ್ನು ಎರಡು ಕಡೆಯಿಂದ ತಗ್ಗಿಸುತ್ತದೆ. ಬೆಳೆಸಾಲಕ್ಕೆ ಮಾತ್ರ ಅಳತೆ ಬೇರೆ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು.

ಆದರೆ ಶಾಖೆಯ ಸಾಧನೆ ಬ್ಯಾಂಕಿನ ನಿಯಮಗಳನ್ನಷ್ಟೇ ಅವಲಂಬಿಸಿಲ್ಲ. ಕಬ್ಬು ಪೂರೈಸಿದ 14 ದಿನಗಳಲ್ಲಿ ಕಾರ್ಖಾನೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ವಿಧಿಸಿತು. ಆ ಪಾವತಿ ತಡವಾದರೆ ರೈತನ ಕಂತು ತಪ್ಪುತ್ತದೆ; ಕಾರ್ಖಾನೆಯ ವಿಳಂಬವು ಬ್ಯಾಂಕಿನ ಪುಸ್ತಕದಲ್ಲಿ ರೈತನ ಬಾಕಿಯಾಗಿ ದಾಖಲಾಗುತ್ತದೆ. ಕೈಸಾಲ ತಂದು ಬ್ಯಾಂಕಿನ ಸಾಲ ತೀರಿಸಿ, ಹೊಸ ಸಾಲ ಪಡೆದು ಕೈಸಾಲ ಹಿಂದಿರುಗಿಸುವ ರೂಢಿ ಗ್ರಾಮೀಣ ಬ್ಯಾಂಕಿಂಗ್‌ನಲ್ಲಿ ಪರಿಚಿತವಾದುದೇ. ಇದರಿಂದ ಶಾಖೆಯ ಲೆಕ್ಕ ಹಸನಾಗಿ ಕಾಣುತ್ತದೆ. ರೈತನ ಋಣವಾದರೋ ಕೈಸಾಲದ ಬಡ್ಡಿಯಷ್ಟು ಬೆಳೆದಿರುತ್ತದೆ.

ವರ್ಗೀಕರಣದ ನಿಯಮಗಳು ಠೇವಣಿದಾರನ ಹಣಕ್ಕೆ ಕಾವಲು. ಅವನ್ನು ಸಡಿಲಿಸುವುದು ಪರಿಹಾರವಲ್ಲ. ಕಬ್ಬಿನ ಪಾವತಿಯ ನಿಯಮವೂ ಅಷ್ಟೇ ಕಟ್ಟುನಿಟ್ಟಾಗಿ ಜಾರಿಯಾದಾಗ ಮಾತ್ರ ಬ್ಯಾಂಕಿನ ಅಂಕಿಗಳು ಊರಿನ ನಿಜಸ್ಥಿತಿಯನ್ನು ಹೇಳಬಲ್ಲವು.